ಮುದಿ ನಾಯಿಗೆ ಕ್ಯಾನ್ಸರ್ ಬಂದಾಗ: ಚಿಕಿತ್ಸೆ, ಖರ್ಚು ಮತ್ತು ಮನೆಯ ತೀರ್ಮಾನ



ಹತ್ತು ಹನ್ನೊಂದು ವರ್ಷ ಮನೆಯ ಬಾಗಿಲು ಕಾದ ನಾಯಿಯ ಮೈಮೇಲೆ ಒಂದು ಗಂಟು ಕಾಣಿಸುತ್ತದೆ. ಪಶುವೈದ್ಯರು ಪರೀಕ್ಷಿಸಿ "ಇದು ಕ್ಯಾನ್ಸರ್ ಇರಬಹುದು" ಎನ್ನುತ್ತಾರೆ. ಆಗ ಮನೆಯಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ನಾಯಿ ಬದುಕುತ್ತದೆಯೆ? ಇದಕ್ಕೆ ಎಷ್ಟು ಹಣ ಬೇಕು? ಎರಡನೆಯ ಪ್ರಶ್ನೆಯನ್ನು ಕೇಳಲು ಅನೇಕರು ನಾಚುತ್ತಾರೆ. ಆದರೆ ಮಕ್ಕಳ ಶಾಲಾ ಶುಲ್ಕ, ಮನೆ ಬಾಡಿಗೆ, ಅಜ್ಜಿಯ ಔಷಧಿ ಎಲ್ಲವೂ ಒಂದೇ ಸಂಬಳದಿಂದ ನಡೆಯಬೇಕಾದಾಗ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವ ಕ್ರಮವನ್ನು ಇಲ್ಲಿ ನೋಡೋಣ.

ವಯಸ್ಸಿಗೂ ರೋಗಕ್ಕೂ ಇರುವ ಸಂಬಂಧ

ದೊಡ್ಡ ಗಾತ್ರದ ನಾಯಿಗಳಿಗೆ ಏಳು ವರ್ಷದ ಸುಮಾರಿಗೇ ಮುಪ್ಪು ಆರಂಭವಾಗುತ್ತದೆ. ಸಣ್ಣ ಜಾತಿಯವು ಹತ್ತು ವರ್ಷದವರೆಗೂ ಚುರುಕಾಗಿರುತ್ತವೆ. ಜೀವಕೋಶಗಳು ವಿಭಜನೆಯಾಗುವಾಗ ನಡೆಯುವ ತಪ್ಪುಗಳು ವರ್ಷ ಕಳೆದಂತೆ ಕೂಡುತ್ತಾ ಹೋಗುತ್ತವೆ. ಅವುಗಳಲ್ಲಿ ಕೆಲವು ಹತೋಟಿಯಿಲ್ಲದೆ ಬೆಳೆದಾಗ ಕ್ಯಾನ್ಸರ್ ಎನಿಸುತ್ತದೆ. ಹತ್ತು ವರ್ಷ ದಾಟಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಈ ರೋಗ ಬರುತ್ತದೆಂದು ಅಮೆರಿಕದ ಪಶುವೈದ್ಯರ ಸಂಘ ತಿಳಿಸಿದೆ. ಆದ್ದರಿಂದ ನಾಯಿ ಸಾಕುವ ಮನೆಗೆ ಇದು ಅನಿರೀಕ್ಷಿತ ಸಂಗತಿಯಲ್ಲ. ಮೊದಲೇ ಯೋಚಿಸಿಟ್ಟುಕೊಳ್ಳಬಹುದಾದ ಸಂಗತಿ.

ಮೊದಲ ಖರ್ಚು ರೋಗಪತ್ತೆಗೆ

ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ. ಮುದಿ ನಾಯಿಗಳ ಚರ್ಮದಡಿಯಲ್ಲಿ ಬರಿಯ ಕೊಬ್ಬಿನ ಗಂಟುಗಳೂ ಬೆಳೆಯುತ್ತವೆ. ಕೈಯಿಂದ ಮುಟ್ಟಿ ನೋಡಿ ಇದನ್ನು ಖಚಿತವಾಗಿ ಹೇಳಲಾಗದು. ವೈದ್ಯರು ಸಣ್ಣ ಸೂಜಿಯಿಂದ ಕೆಲವು ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಂಶಯ ಉಳಿದರೆ ಗಂಟಿನ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್‌ಗಳಿಂದ ರೋಗ ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯುತ್ತದೆ.

ಈ ಹಂತದಲ್ಲಿ ಹಣ ಉಳಿಸುವುದು ಅನೇಕ ವೇಳೆ ದುಬಾರಿಯಾಗುತ್ತದೆ. ರೋಗ ಯಾವುದೆಂದು ತಿಳಿಯದೆ ನೀಡುವ ಚಿಕಿತ್ಸೆಯ ಹಣ ವ್ಯರ್ಥವಾಗಬಹುದು. ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮದಲ್ಲಿ, ರೋಗಪತ್ತೆಗೆ ಮೊದಲೇ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಗಂಟು ತಾತ್ಕಾಲಿಕವಾಗಿ ಕರಗುತ್ತದೆ. ಆದರೆ ರೋಗಪತ್ತೆ ಕಷ್ಟವಾಗುತ್ತದೆ, ಮುಂದೆ ಕೊಡುವ ಔಷಧಿಗಳಿಗೂ ರೋಗ ಜಗ್ಗದಂತಾಗಬಹುದು.

ಮನೆಯಲ್ಲಿರುವ ನೋವಿನ ಮಾತ್ರೆಯನ್ನು ನಾಯಿಗೆ ಕೊಟ್ಟು ಖರ್ಚು ಉಳಿಸುವ ಯತ್ನವೂ ಅಪಾಯಕರ. ಐಬುಪ್ರೊಫೆನ್ ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ರೋಗದಂತೆ ಖರ್ಚು

'ಕ್ಯಾನ್ಸರ್' ಎಂಬುದು ಒಂದೇ ರೋಗದ ಹೆಸರಲ್ಲ. ನಾಲ್ಕು ಉದಾಹರಣೆಗಳನ್ನು ಗಮನಿಸಿ.

1. ನಮ್ಮ ಬೀದಿನಾಯಿಗಳಲ್ಲಿ ಸಾಮಾನ್ಯವಾದ, ಮುಖ್ಯವಾಗಿ ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಗೆಡ್ಡೆಯ ರೋಗವೊಂದಿದೆ. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ನಾಲ್ಕಾರು ವಾರ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ಣ ಗುಣವಾಗುತ್ತವೆ. ಈ ಔಷಧಿ ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ದೊರೆತದ್ದು.

2. ಹೆಣ್ಣು ನಾಯಿಗಳ ಸ್ತನದ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಅಪಾಯಕಾರಿಯಲ್ಲ. ಚಿಕ್ಕದಿರುವಾಗಲೇ ಶಸ್ತ್ರಕ್ರಿಯೆಯಿಂದ ತೆಗೆಸಿದರೆ ಅನೇಕ ವೇಳೆ ಖರ್ಚು ಅಲ್ಲಿಗೇ ಮುಗಿಯುತ್ತದೆ. ತಡ ಮಾಡಿದರೆ ಶಸ್ತ್ರಕ್ರಿಯೆಯೂ ದೊಡ್ಡದು, ಬಿಲ್ಲೂ ದೊಡ್ಡದು.

3. ಲಿಂಫೋಮಕ್ಕೆ ಚಿಕಿತ್ಸೆ ಕೊಡದಿದ್ದರೆ ನಾಯಿ ಸಾಮಾನ್ಯವಾಗಿ ಒಂದೆರಡು ತಿಂಗಳು ಬದುಕುತ್ತದೆ. ನಾಲ್ಕು ಔಷಧಿಗಳನ್ನು ಸರದಿಯಂತೆ ನಾಲ್ಕರಿಂದ ಆರು ತಿಂಗಳು ಕೊಟ್ಟರೆ ಸುಮಾರು ಒಂದು ವರ್ಷ ಬದುಕುವ ಸಾಧ್ಯತೆಯಿದೆ. ಬರಿಯ ಸ್ಟೀರಾಯ್ಡ್ ಮಾತ್ರೆಗೆ ಖರ್ಚು ಬಹಳ ಕಡಿಮೆ, ಆದರೆ ಸಿಗುವ ನೆಮ್ಮದಿಯೂ ಒಂದೆರಡು ತಿಂಗಳದ್ದು.

4. ದೊಡ್ಡ ಜಾತಿಯ ನಾಯಿಗಳ ಕಾಲಿನ ಮೂಳೆಗೆ ಬರುವ ಕ್ಯಾನ್ಸರಿಗೆ ಸಾಮಾನ್ಯವಾಗಿ ಕಾಲನ್ನೇ ತೆಗೆಯಬೇಕಾಗುತ್ತದೆ. ಅಷ್ಟನ್ನೇ ಮಾಡಿದರೆ ಸುಮಾರು ನಾಲ್ಕೈದು ತಿಂಗಳು, ಜೊತೆಗೆ ಔಷಧಿಯನ್ನೂ ಕೊಟ್ಟರೆ ಹತ್ತರಿಂದ ಹನ್ನೆರಡು ತಿಂಗಳು ಸಿಗುತ್ತದೆ. ನೋವು ಹೋದ ಮೇಲೆ ಬಹುತೇಕ ನಾಯಿಗಳು ಮೂರು ಕಾಲಿನಲ್ಲಿ ಚೆನ್ನಾಗಿ ಓಡಾಡುತ್ತವೆ.

ಇಲ್ಲಿ ಹೇಳಿದ ತಿಂಗಳುಗಳು ಅನೇಕ ನಾಯಿಗಳನ್ನು ನೋಡಿ ತೆಗೆದ ಲೆಕ್ಕ. ನಿಮ್ಮ ನಾಯಿಗೆ ಇದಕ್ಕಿಂತ ಹೆಚ್ಚೂ ಸಿಗಬಹುದು, ಕಡಿಮೆಯೂ ಆಗಬಹುದು.

ಬಿಲ್ಲಿನಲ್ಲಿ ಏನೇನಿರುತ್ತದೆ?

ಔಷಧಿಯ ಬೆಲೆ ಬಿಲ್ಲಿನ ಒಂದು ಭಾಗ ಮಾತ್ರ. ಪ್ರತಿ ಸಲ ಔಷಧಿ ಕೊಡುವ ಮೊದಲು ಬಿಳಿ ರಕ್ತಕಣಗಳ ಎಣಿಕೆ ಆಗಬೇಕು. ವೈದ್ಯರ ಶುಲ್ಕ, ಡ್ರಿಪ್, ವಾಂತಿ ತಡೆಯುವ ಮದ್ದು, ಆಟೋ ಬಾಡಿಗೆ, ಮನೆಯವರ ರಜೆ ಇವೂ ಸೇರುತ್ತವೆ. ಒಂದು ಭೇಟಿಗೆ ಎಲ್ಲ ಸೇರಿ 2,500 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ 16 ಭೇಟಿಗಳಿಗೆ 40,000 ರೂಪಾಯಿ ಆಗುತ್ತದೆ. ಇದು ಯಾವುದೇ ಆಸ್ಪತ್ರೆಯ ದರವಲ್ಲ, ಗುಣಾಕಾರ ತೋರಿಸಲು ಹಿಡಿದ ಅಂಕಿ. ಊರಿಗೂ ಆಸ್ಪತ್ರೆಗೂ ತಕ್ಕಂತೆ ದರ ಬೇರೆಯಾಗುತ್ತದೆ.

ನಾಯಿ ದೊಡ್ಡದಾದಷ್ಟೂ ಔಷಧಿ ಹೆಚ್ಚು ಬೇಕು. ಆದರೆ ಇಂಥ ಅನೇಕ ಔಷಧಿಗಳ ಪ್ರಮಾಣವನ್ನು ತೂಕದಿಂದಲ್ಲ, ಮೈಯ ಹೊರಮೈ ವಿಸ್ತೀರ್ಣದಿಂದ ಲೆಕ್ಕ ಹಾಕುತ್ತಾರೆ. 10 ಕಿಲೋ ನಾಯಿಯದು ಸುಮಾರು 0.47 ಚದರ ಮೀಟರ್, 40 ಕಿಲೋ ನಾಯಿಯದು ಸುಮಾರು 1.18 ಚದರ ಮೀಟರ್. ತೂಕ ನಾಲ್ಕು ಪಟ್ಟಾದರೂ ಔಷಧಿ ಎರಡೂವರೆ ಪಟ್ಟು ಮಾತ್ರ. ಗಣಿತದ ವಿದ್ಯಾರ್ಥಿಗಳು ಇದಕ್ಕೆ ಕಾರಣ ಹುಡುಕಬಹುದು.

ಹಣ ಎಲ್ಲಿಂದ?

ಮೊದಲನೆಯ ದಾರಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಇಂಥ ಕಾಲೇಜುಗಳಿವೆ. ಇವು ವಿದ್ಯಾರ್ಥಿಗಳು ಕಲಿಯುವ ಆಸ್ಪತ್ರೆಗಳಾದ್ದರಿಂದ ಶುಲ್ಕ ಖಾಸಗಿ ಚಿಕಿತ್ಸಾಲಯಗಳಿಗಿಂತ ಸಾಮಾನ್ಯವಾಗಿ ಕಡಿಮೆ. ರೋಗಪತ್ತೆ ಇಲ್ಲಿ ಮಾಡಿಸಿ, ಮುಂದಿನ ಚುಚ್ಚುಮದ್ದುಗಳನ್ನು ಊರಿನ ವೈದ್ಯರಲ್ಲಿ ಕೊಡಿಸಲು ಸಾಧ್ಯವೇ ಎಂದು ಕೇಳಿ ನೋಡಬೇಕು.

ಎರಡನೆಯದು ವಿಮೆ. ಸ್ವೀಡನ್ನಿನಲ್ಲಿ 1924ರಲ್ಲೇ ನಾಯಿಗೆ ವಿಮೆ ಮಾಡಲಾಗಿತ್ತು. ಅಮೆರಿಕದಲ್ಲಿ 1982ರಲ್ಲಿ ಮೊದಲ ಪಾಲಿಸಿ ಪಡೆದದ್ದು ಟೆಲಿವಿಷನ್ ತಾರೆ ಲ್ಯಾಸಿ ಎಂಬ ನಾಯಿ. ನಮ್ಮಲ್ಲಿ ಸಾರ್ವಜನಿಕ ವಲಯದ ವಿಮಾ ಕಂಪನಿಗಳ ಪಾಲಿಸಿಗಳು ಮುಖ್ಯವಾಗಿ ನಾಯಿ ಸತ್ತರೆ ಹಣ ಕೊಡುವಂಥವು. 2020ರಿಂದೀಚೆಗೆ ಕೆಲವು ಖಾಸಗಿ ಕಂಪನಿಗಳು ಚಿಕಿತ್ಸೆಯ ಖರ್ಚನ್ನೂ ಸೇರಿಸಿವೆ. ಆದರೆ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಲೇಬೇಕು. ಹೊಸದಾಗಿ ಸೇರಲು ವಯೋಮಿತಿ ಇರುತ್ತದೆ. ಮೊದಲೇ ಇದ್ದ ರೋಗಕ್ಕೆ ಹಣ ಸಿಗುವುದಿಲ್ಲ. ಗಂಟು ಕಂಡ ಮೇಲೆ ವಿಮೆ ಮಾಡಿಸಲು ಹೊರಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಮೂರನೆಯದು ಉಳಿತಾಯ. ನಾಯಿಗೆ ಎರಡು ವರ್ಷವಾದಾಗಿನಿಂದ ತಿಂಗಳಿಗೆ 500 ರೂಪಾಯಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕಟ್ಟುತ್ತಾ ಬಂದರೆ, ಅದಕ್ಕೆ ಹತ್ತು ವರ್ಷವಾಗುವಾಗ ಬಡ್ಡಿ ಬಿಟ್ಟೇ 48,000 ರೂಪಾಯಿ ಇರುತ್ತದೆ. ಕ್ಯಾನ್ಸರ್ ಬಾರದಿದ್ದರೆ ಅದು ಮುಪ್ಪಿನ ಬೇರೆ ಆರೈಕೆಗೆ ಆಗುತ್ತದೆ.

ಬಂಧುಮಿತ್ರರ ನೆರವು, ಸಾರ್ವಜನಿಕ ಧನಸಂಗ್ರಹ, ಕಂತಿನಲ್ಲಿ ಪಾವತಿ ಇವು ನಾಲ್ಕನೆಯ ದಾರಿ. ಧನಸಂಗ್ರಹ ಮಾಡುವವರು ವೈದ್ಯರ ಲಿಖಿತ ಅಂದಾಜನ್ನೂ ಬಿಲ್ಲುಗಳನ್ನೂ ತೋರಿಸಬೇಕು, ಉಳಿದ ಹಣದ ಲೆಕ್ಕ ಕೊಡಬೇಕು. ಹೆಚ್ಚು ಬಡ್ಡಿಯ ಸಾಲ ಮಾತ್ರ ಬೇಡ. ನಾಯಿ ಹೋದ ಮೇಲೂ ಸಾಲದ ಕಂತು ಉಳಿಯುತ್ತದೆ.

ಎಲ್ಲಿಯವರೆಗೆ?

ನಾಯಿಗಳಿಗೆ ಕೊಡುವ ಕಿಮೋಥೆರಪಿಯ ಗುರಿ ಹೆಚ್ಚಾಗಿ ರೋಗವನ್ನು ಬೇರುಸಹಿತ ಕೀಳುವುದಲ್ಲ, ಉಳಿದ ದಿನಗಳನ್ನು ಹಿತವಾಗಿಸುವುದು. ಅದಕ್ಕಾಗಿಯೇ ಔಷಧಿಯ ಪ್ರಮಾಣ ಮನುಷ್ಯರಿಗಿಂತ ಮಿತ, ಅಡ್ಡಪರಿಣಾಮಗಳೂ ಸಾಮಾನ್ಯವಾಗಿ ಕಡಿಮೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಒಂದು ಅಳತೆಗೋಲನ್ನು ರೂಪಿಸಿದರು. ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೆ ಎಂಬ ಏಳು ವಿಷಯಗಳಿಗೆ ಹತ್ತು ಹತ್ತು ಅಂಕ. ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು. ವಾರಕ್ಕೊಮ್ಮೆ ಮನೆಯವರೆಲ್ಲ ಕುಳಿತು ಅಂಕ ಹಾಕಿದರೆ, ತೀರ್ಮಾನದ ಭಾರ ಒಬ್ಬರ ಮೇಲೇ ಬೀಳುವುದಿಲ್ಲ.

ದೊಡ್ಡ ಚಿಕಿತ್ಸೆ ಮಾಡಿಸಲಾಗದ ಮನೆಗೂ ಕರ್ತವ್ಯವಿದೆ, ದಾರಿಯೂ ಇದೆ. ವೈದ್ಯರು ಹೇಳಿದ ನೋವು ನಿವಾರಕ, ಮೆತ್ತನೆಯ ಹಾಸಿಗೆ, ತಿನ್ನಲು ಇಷ್ಟಪಡುವ ಆಹಾರ, ಇವೂ ಚಿಕಿತ್ಸೆಯೇ. ನೋವು ಮಿತಿಮೀರಿದಾಗ ವೈದ್ಯರ ಕೈಯಿಂದ ಶಾಂತ ಮರಣ ಕೊಡಿಸುವುದು ಕ್ರೌರ್ಯವಲ್ಲ. ರೋಗಿ ನಾಯಿಯನ್ನು ದೂರ ಒಯ್ದು ಬಿಟ್ಟುಬರುವುದು ಮಾತ್ರ ಸಲ್ಲದು. ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ವೈದ್ಯರನ್ನು ಈ ಐದು ಪ್ರಶ್ನೆ ಕೇಳಿ

• ಇದು ಯಾವ ಬಗೆಯ ಕ್ಯಾನ್ಸರ್, ಎಷ್ಟು ಹರಡಿದೆ?
• ಚಿಕಿತ್ಸೆಯಿಂದ ಎಷ್ಟು ಕಾಲ, ಎಂಥ ಬದುಕು ಸಿಗಬಹುದು?
• ಮೊದಲಿನಿಂದ ಕೊನೆಯವರೆಗೆ ಒಟ್ಟು ಖರ್ಚು ಎಷ್ಟು? ಬರೆದು ಕೊಡುವಿರಾ?
• ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಯಾವುದು, ಅದರ ಫಲವೇನು?
• ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು?

ಚರ್ಚಿಸಿ: ಮನೆಯ ಉಳಿತಾಯ 50,000 ರೂಪಾಯಿ. ಅಕ್ಕನ ಕಾಲೇಜು ಶುಲ್ಕಕ್ಕೆ ಇನ್ನು ಮೂರು ತಿಂಗಳಿದೆ. ಹನ್ನೊಂದು ವರ್ಷದ ನಾಯಿಗೆ ಲಿಂಫೋಮ. ನಿಮ್ಮ ತಂದೆತಾಯಿಯ ಜೊತೆ ಕುಳಿತು ಮಾತಾಡುವಾಗ ನೀವು ಯಾವ ಯಾವ ಸಂಗತಿಗಳನ್ನು ಮುಂದಿಡುವಿರಿ? ತರಗತಿಯಲ್ಲಿ ಎರಡು ತಂಡಗಳಾಗಿ ವಿಚಾರ ಮಾಡಿ. ಎರಡು ತಂಡಗಳ ಉತ್ತರ ಬೇರೆಯಾದರೂ ಎರಡೂ ಸರಿ ಇರಬಹುದು.