ಬೇರಿನ ಸಾರ ಗೆದ್ದರೆ ಮದ್ದಾಯಿತೇ?

ಬಾಬುರಾಯನಕೊಪ್ಪಲಿರಲಿ, ಮೈಸೂರಿರಲಿ, ಈ ಸೀಮೆಯವರಿಗೆ ಮಾಕಳಿ ಬೇರು ಹೊಸದಲ್ಲ. ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಮಜ್ಜಿಗೆಯಲ್ಲಿ ಹಾಕಿದ ಅದರ ಉಪ್ಪಿನಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಇದರಲ್ಲಿ ಉಪ್ಪು, ಹುಳಿಯ ಜೊತೆ ಬೇರಿನ ಪಾಲೂ ಇದೆಯೇ?

ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಬೇರನ್ನು ಪರೀಕ್ಷಿಸಿ, ಅದರಲ್ಲಿ ಆಂಟಿಆಕ್ಸಿಡೆಂಟ್ ಗುಣವನ್ನು ಗುರುತಿಸಿದ್ದಾರೆ. ಇಂಥ ಪರೀಕ್ಷೆ ನಡೆಯುವುದಾದರೂ ಹೇಗೆ?

ಮೊದಲು ಬೇರನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸಾರ ತೆಗೆಯುತ್ತಾರೆ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಈ ಸಾರ ಬಿದ್ದಾಗ ಬಣ್ಣ ಹಳದಿಗೆ ತಿರುಗಿದರೆ, ಅದು ಆಂಟಿಆಕ್ಸಿಡೆಂಟ್. ಬ್ಯಾಕ್ಟೀರಿಯ ಬೆಳೆಸಿದ ತಟ್ಟೆಯಲ್ಲಿ ಸಾರವಿಟ್ಟ ಜಾಗದ ಸುತ್ತ ಬರಿದಾದ ವೃತ್ತ ಮೂಡಿದರೆ, ಅದು ಸೂಕ್ಷ್ಮಾಣು ನಿರೋಧಕ. ಇನ್ನು ಕ್ಯಾನ್ಸರ್ ಕೋಶಗಳಿಗೆ ಸಾರ ಹಾಕಿ, ಬಳಿಕ ಎಂಟಿಟಿ ಎಂಬ ಹಳದಿ ಲವಣ ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ, ಸತ್ತದ್ದು ಆಗಿಸುವುದಿಲ್ಲ.

ಇಷ್ಟಾದರೆ ಮದ್ದು ಸಿಕ್ಕಂತೆಯೇ? ಖಂಡಿತ ಇಲ್ಲ. ಪ್ರಮಾಣ ಹೆಚ್ಚಾದರೆ ಅಡಿಗೆ ಉಪ್ಪೂ ಕೋಶವನ್ನು ಕೊಲ್ಲುತ್ತದೆ. ಆರೋಗ್ಯವಂತ ಕೋಶಗಳನ್ನು ಬಿಟ್ಟು ಕ್ಯಾನ್ಸರ್ ಕೋಶಗಳನ್ನಷ್ಟೇ ಕೊಂದಿತೇ, ಎಷ್ಟು ಕಡಿಮೆ ಪ್ರಮಾಣದಲ್ಲಿ ಕೊಂದಿತು ಎಂಬುದು ಮುಖ್ಯ. ಆಮೇಲೆ ಪ್ರಾಣಿಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ ಪ್ರಯೋಗ ನಡೆಯಬೇಕು. ಬಹುಪಾಲು ಸಾರಗಳು ಈ ದಾರಿಯ ನಡುವೆಯೇ ಸೋಲುತ್ತವೆ.

ಗೆದ್ದ ಗಿಡವೊಂದು ನಮ್ಮ ಅಂಗಳದಲ್ಲೇ ಇದೆ: ನಿತ್ಯಪುಷ್ಪ. ಮಧುಮೇಹಕ್ಕೆ ಮದ್ದೆಂದು ಜಮೈಕಾದ ಜನ ಬಳಸುತ್ತಿದ್ದ ಇದರ ಎಲೆಯನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷಿಸಿದರು. ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿಯಲಿಲ್ಲ. ಬಿಳಿ ರಕ್ತಕಣಗಳು ಇಳಿದವು! ಹೀಗೆ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೆಳಕಿಗೆ ಬಂತು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಮಕ್ಕಳ ರಕ್ತ ಕ್ಯಾನ್ಸರಿಗೆ ವೈದ್ಯರು ಅದನ್ನು ಇಂದಿಗೂ ಕೊಡುತ್ತಾರೆ. ಹಾಗೆಂದು ಎಲೆ ಅರೆದು ಕುಡಿಯುವಂತಿಲ್ಲ; ಗಿಡ ವಿಷಕಾರಿ. ಔಷಧವಾದದ್ದು ಅದರಿಂದ ಬೇರ್ಪಡಿಸಿ, ಅಳೆದು ಕೊಡುವ ಅಂಶ ಮಾತ್ರ.

'ಕ್ಯಾನ್ಸರಿಗೆ ಬೇರಿನ ಮದ್ದು' ಎಂಬ ಸುದ್ದಿ ಓದಿ ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸಿದ ರೋಗಿ ಕಳೆದುಕೊಳ್ಳುವುದು ಅಮೂಲ್ಯ ಸಮಯವನ್ನು. ಅತ್ತ ಗುಡ್ಡದ ಮಾಕಳಿಗೂ ಕೇಡು ತಪ್ಪದು. ಬೇರು ಬೇಕೆಂದರೆ ಬಳ್ಳಿಯನ್ನೇ ಅಗೆಯಬೇಕು. ಈಗಾಗಲೇ ಅದು ಕಾಡಿನಲ್ಲಿ ಅಪರೂಪವಾಗುತ್ತಿದೆ. ಆದ್ದರಿಂದ ಇಂಥ ಸುದ್ದಿ ಕಂಡಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಗೆದ್ದದ್ದು ಗಾಜಿನ ತಟ್ಟೆಯಲ್ಲೋ, ರೋಗಿಯ ಮೈಯಲ್ಲೋ?