ನಮ್ಮ ಪೂರ್ವಜರನ್ನು ಹುಡುಕುವ ಬಗೆ

ಕಪಿಲಾ ನದಿಯು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿ, ಮುಂದೆ ಹರಿದು ಕಾವೇರಿಯನ್ನು ಕೂಡುವಲ್ಲಿ ಟಿ. ನರಸೀಪುರವೆಂಬ ಪಟ್ಟಣವಿದೆ. ಮನುಷ್ಯರ ಹೆಸರಿಗಿರುವಂತೆ ಊರಿನ ಹೆಸರಿಗೂ ಒಂದು ಇನಿಷಿಯಲ್ ಇರುವುದು ವಿಚಿತ್ರವೆಂದು ತೋರಬಹುದು. ಆದರೆ ಕಾರಣ ಸರಳವಾದುದು. ಹಾಸನ ಜಿಲ್ಲೆಯಲ್ಲಿ ಹೊಳೆನರಸೀಪುರವಿದೆ. ನರಸೀಪುರವೆಂಬ ಊರುಗಳು ಬೇರೆಯೂ ಉಂಟು. ಅವುಗಳಲ್ಲಿ ಇದು ಯಾವುದೆಂಬ ಪ್ರಶ್ನೆಗೆ ‘ತಿರುಮಕೂಡಲು ನರಸೀಪುರ’ ಎಂಬುದು ಉತ್ತರ. ಆ ತಿರುಮಕೂಡಲೇ ಕುಗ್ಗಿ ‘ಟಿ’ ಎಂಬ ಒಂದು ಅಕ್ಷರವಾಗಿದೆ.

ನಮ್ಮ ಹೆಸರುಗಳ ಮುಂದಿನ ಅಕ್ಷರಗಳೂ ಇದೇ ಕೆಲಸವನ್ನು ಮಾಡುತ್ತವೆ. ಅವುಗಳ ಅರ್ಥವನ್ನು ಬಲ್ಲವರು ಇರುವವರೆಗೆ ತೊಂದರೆಯಿಲ್ಲ. ಬಲ್ಲವರು ಇಲ್ಲವಾದ ಮೇಲೆ ಆ ಅಕ್ಷರವು ಬೀಗದ ಕೈ ಕಳೆದ ಪೆಟ್ಟಿಗೆಯಂತೆ ಉಳಿದುಬಿಡುತ್ತದೆ.

ಹೆಸರೋ ವಿಳಾಸವೋ?

ಹಳೆಯ ಮೈಸೂರು ಸೀಮೆಯಲ್ಲಿ ಸಾಮಾನ್ಯವಾಗಿ ಮೊದಲನೆಯ ಅಕ್ಷರ ಊರಿನದು, ಎರಡನೆಯದು ತಂದೆಯದು, ಆ ಬಳಿಕ ವ್ಯಕ್ತಿಯ ಹೆಸರು. ಡಿ.ವಿ.ಜಿ. ಎಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಆದರೆ ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ಮೋಕ್ಷಗುಂಡವು ಆಂಧ್ರ ದೇಶದ ಒಂದು ಊರು. ಹೀಗೆ ಹೆಸರಿನಲ್ಲಿರುವ ಊರು ಜನ್ಮಸ್ಥಳವೇ ಆಗಬೇಕೆಂಬ ನಿಯಮವಿಲ್ಲ. ಕುಟುಂಬವು ಹಿಂದೆಂದೋ ಬಿಟ್ಟು ಬಂದ ಊರನ್ನು ಅದು ಸೂಚಿಸಬಹುದು.

ಇದು ನಮ್ಮಲ್ಲಿ ಮಾತ್ರ ಕಾಣುವ ಪದ್ಧತಿಯಲ್ಲ. ಪೋಲೆಂಡ್ ದೇಶದಲ್ಲಿ ‘ಸ್ಕಿ’ ಎಂದು ಕೊನೆಗೊಳ್ಳುವ ಹೆಸರುಗಳಲ್ಲಿ ಅನೇಕವು ಊರಿನಿಂದ ಬಂದವು; ಟಾರ್ನೂವ್ ಎಂಬ ಊರಿನವನು ಟಾರ್ನೋವ್ಸ್ಕಿ. ಅಲ್ಲಿ ಊರು ಕುಲನಾಮವಾಗಿ ಗಟ್ಟಿಯಾಯಿತು; ನಮ್ಮಲ್ಲಿ ಒಂದು ಅಕ್ಷರವಾಗಿ ಕರಗಿತು. ವ್ಯತ್ಯಾಸ ಇಷ್ಟೆ. ಆದರೆ ಅದರ ಪರಿಣಾಮ ದೊಡ್ಡದು. ‘ತ’ ಎಂಬ ಅಕ್ಷರವೊಂದನ್ನೇ ಕಂಡು ಅದು ಟಿ. ನರಸೀಪುರ ತಾಲ್ಲೂಕಿನ ತಲಕಾಡೋ ಚಳ್ಳಕೆರೆ ತಾಲ್ಲೂಕಿನ ತಳುಕೋ ಎಂದು ಹೇಳುವಂತಿಲ್ಲ. ತ.ರಾ.ಸು. ಅವರ ಹೆಸರಿನಲ್ಲಿರುವುದು ತಳುಕು.

ವಿದೇಶಕ್ಕೆ ಹೋದವರಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿಯ ಪ್ರತಿಯೊಂದು ಅರ್ಜಿಯೂ ಕುಟುಂಬದ ಹೆಸರನ್ನು ಕೇಳುತ್ತದೆ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣನು ಆ ಜಾಗದಲ್ಲಿ ಊರನ್ನೂ ತಮ್ಮನು ತಂದೆಯ ಹೆಸರನ್ನೂ ಬರೆದನೆನ್ನೋಣ. ಅಣ್ಣನ ಮಕ್ಕಳ ಕುಲನಾಮ ‘ಸೋಸಲೆ’, ತಮ್ಮನ ಮಕ್ಕಳ ಕುಲನಾಮ ‘ನಂಜುಂಡಯ್ಯ’ ಎಂದಾಗುತ್ತದೆ. ಇನ್ನು ಎರಡು ತಲೆಮಾರು ಕಳೆದ ಮೇಲೆ ಈ ಎರಡು ಹೆಸರುಗಳನ್ನು ನೋಡಿ, ಇವರು ಒಂದೇ ಮನೆಯವರೆಂದು ಯಾರು ತಾನೇ ಊಹಿಸಬಲ್ಲರು?

ಇಮ್ಮಡಿಯಾಗುವ ಲೆಕ್ಕ

ಪೂರ್ವಜರನ್ನು ಹುಡುಕಹೊರಡುವ ಮುನ್ನ ಅವರು ಎಷ್ಟು ಮಂದಿ ಎಂಬುದನ್ನು ಗಣಿಸೋಣ. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದಿನವರು ಎಂಟು ಮಂದಿ. ಒಂದೊಂದು ತಲೆಮಾರಿಗೂ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತನೆಯ ತಲೆಮಾರಿನಲ್ಲಿ 1,024, ಇಪ್ಪತ್ತನೆಯದರಲ್ಲಿ 10,48,576, ಮೂವತ್ತನೆಯದರಲ್ಲಿ 107,37,41,824.

ಒಂದು ತಲೆಮಾರಿಗೆ 30 ವರ್ಷವೆಂದು ಹಿಡಿದರೆ ಮೂವತ್ತು ತಲೆಮಾರಿಗೆ 900 ವರ್ಷ. 1116ರ ಸುಮಾರಿಗೆ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುಕೊಂಡ ಕಾಲವದು. ಆಗ ಇಡೀ ಪ್ರಪಂಚದ ಜನಸಂಖ್ಯೆಯೇ 50 ಕೋಟಿಯನ್ನು ಮುಟ್ಟಿರಲಿಲ್ಲವೆಂದು ಅಂದಾಜು. ಹಾಗಾದರೆ ಒಬ್ಬ ವಿದ್ಯಾರ್ಥಿಗೆ 107 ಕೋಟಿ ಪೂರ್ವಜರು ಎಲ್ಲಿಂದ ಬಂದರು?

ಲೆಕ್ಕ ತಪ್ಪಲ್ಲ. ಅದು ಸ್ಥಾನಗಳ ಲೆಕ್ಕ, ವ್ಯಕ್ತಿಗಳ ಲೆಕ್ಕವಲ್ಲ. ಒಬ್ಬನೇ ವ್ಯಕ್ತಿ ಅನೇಕ ಸ್ಥಾನಗಳಲ್ಲಿ ಬರಬಹುದು. ಸೋದರಮಾವನನ್ನು ಮದುವೆಯಾಗುವ ವಾಡಿಕೆ ನಮ್ಮಲ್ಲಿತ್ತು. ಅಂಥ ದಂಪತಿಗಳ ಮಗುವಿಗೆ ತಂದೆಯ ತಂದೆಯೂ ತಾಯಿಯ ತಾಯಿಯ ತಂದೆಯೂ ಒಬ್ಬನೇ. ಅವನು ಏಕಕಾಲದಲ್ಲಿ ಅಜ್ಜನೂ ಹೌದು, ಮುತ್ತಜ್ಜನೂ ಹೌದು. ವಂಶವೃಕ್ಷದ ಕೊಂಬೆಗಳು ಹಿಂದಕ್ಕೆ ಹೋದಂತೆ ಕವಲೊಡೆಯುತ್ತವೆ, ಮತ್ತೆ ಕೂಡಿಕೊಳ್ಳುತ್ತವೆ. ಅದು ವೃಕ್ಷಕ್ಕಿಂತ ಹೆಚ್ಚಾಗಿ ಬಲೆಯನ್ನು ಹೋಲುತ್ತದೆ.

ಇನ್ನೊಂದು ಅಂಶವೂ ಇದೆ. ಮೊದಲ ಐದು ತಲೆಮಾರುಗಳ ಸ್ಥಾನಗಳನ್ನು ಕೂಡಿದರೆ 62. ತಂದೆ, ತಂದೆಯ ತಂದೆ ಎಂದು ಗಂಡುಸಾಲನ್ನು ಮಾತ್ರ ಹಿಡಿದು ಹೋದರೆ ಸಿಕ್ಕುವವರು ಐವರು. ಉಳಿದ 57 ಮಂದಿಯನ್ನು ನಮ್ಮ ಇನಿಷಿಯಲ್ಲುಗಳು ಸೂಚಿಸುವುದೇ ಇಲ್ಲ.

ನಾಲ್ಕು ಅಳತೆಗೋಲುಗಳು

ಗತಕಾಲವನ್ನು ಅಳೆಯಲು ನಮಗಿರುವ ಸಾಧನಗಳು ನಾಲ್ಕು: ನೆನಪು, ಕಾಗದ, ಕಲ್ಲು, ಜೀವಕೋಶ.

ಮನೆಯ ಹಿರಿಯರ ನೆನಪು ಸಾಮಾನ್ಯವಾಗಿ ಮೂರು ನಾಲ್ಕು ತಲೆಮಾರುಗಳಿಗೆ ನಿಲ್ಲುತ್ತದೆ. ಅದಕ್ಕೂ ಹಿಂದಿನದನ್ನು ಉಳಿಸಿಕೊಳ್ಳಲು ಕನ್ನಡ ನಾಡು ಒಂದು ಉಪಾಯವನ್ನು ಕಂಡುಕೊಂಡಿತ್ತು. ಹೆಳವರೆಂಬ ಜನರು ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಮನೆಮನೆಯ ಮುಂದೆ ನಿಂತು ಆಯಾ ಮನೆತನದ ಪೀಳಿಗೆಯನ್ನು ಹೇಳುತ್ತಿದ್ದರು. ಬಳ್ಳಾರಿ, ಮೈಸೂರು ಮೊದಲಾದ ಕಡೆ ಇವರು ಗ್ರಾಮಚರಿತ್ರೆಯ ರಕ್ಷಕರಾಗಿರುವುದನ್ನು ಥರ್ಸ್ಟನ್ ಎಂಬ ವಿದ್ವಾಂಸನು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಕಾಗದವು ಒಂದೂವರೆ ಶತಮಾನದಷ್ಟು ಹಿಂದಕ್ಕೆ ನಮ್ಮನ್ನು ಒಯ್ಯಬಹುದು. ಶ್ಯಾನುಭೋಗರ ಲೆಕ್ಕಪತ್ರಗಳು, ಜಮೀನಿನ ಖಾತೆ, ಕ್ರಯಪತ್ರ, ಶಾಲೆಯ ದಾಖಲಾತಿ ಪುಸ್ತಕ ಇವೆಲ್ಲ ತಂದೆಯ ಹೆಸರನ್ನೂ ಊರನ್ನೂ ಹೇಳುತ್ತವೆ. ಜನಗಣತಿಯಿಂದ ಮಾತ್ರ ಇಂಥ ನೆರವು ದೊರೆಯದು. 1948ರ ಜನಗಣತಿ ಕಾಯಿದೆಯಂತೆ ವ್ಯಕ್ತಿಗಳ ವಿವರವು ಗೋಪ್ಯ. ಜಿಲ್ಲೆಯ ಎಲ್ಲೆಗಳು ಬದಲಾದುದನ್ನೂ ಗಮನದಲ್ಲಿಡಬೇಕು. ಚಾಮರಾಜನಗರವು 1997ರಲ್ಲಿ ಬೇರೆ ಜಿಲ್ಲೆಯಾಯಿತು. ಅದಕ್ಕೆ ಹಿಂದಿನ ಪತ್ರಗಳಲ್ಲಿ ಆ ಊರುಗಳು ಮೈಸೂರು ಜಿಲ್ಲೆಗೆ ಸೇರಿರುತ್ತವೆ.

ಕಲ್ಲು ಸಾವಿರ ವರ್ಷಗಳನ್ನೂ ಮೀರಿ ಹೋಗುತ್ತದೆ. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಪ್ರಕಟಿಸಿದರು. ಶಾಸನಗಳ ‘ಗಾವುಂಡ’ನೇ ಇಂದಿನ ‘ಗೌಡ’, ‘ಸೇನಬೋವ’ನೇ ‘ಶ್ಯಾನುಭೋಗ’. ಉದ್ಯೋಗದ ಹೆಸರು ಮನೆತನದ ಹೆಸರಾದ ಬಗೆ ಇಲ್ಲಿ ಕಾಣುತ್ತದೆ. ಆದರೆ ಶಾಸನದ ಗಾವುಂಡನೇ ಇಂದಿನ ಗೌಡರೊಬ್ಬರ ಮೂಲಪುರುಷನೆಂದು ಹೇಳಲು ನಡುವಿನ ಕೊಂಡಿಗಳು ಬೇಕು.

ಕೊನೆಯದು ಜೀವಕೋಶ. ತಂದೆಯಿಂದ ಮಗನಿಗೆ ವೈ ವರ್ಣತಂತುವು ಹೆಚ್ಚು ಬದಲಾವಣೆಯಿಲ್ಲದೆ ಬರುತ್ತದೆ. ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಹೆಸರುಗಳು ಮರೆತ ಹೆಣ್ಣುಸಾಲನ್ನು ಅದು ಮರೆಯುವುದಿಲ್ಲ. ಉಳಿದ ವರ್ಣತಂತುಗಳಲ್ಲಿ ಅರ್ಧ ತಂದೆಯದು, ಅರ್ಧ ತಾಯಿಯದು. ಐದನೆಯ ತಲೆಮಾರಿನ ಒಬ್ಬ ಪೂರ್ವಜನ ಪಾಲು ಸರಾಸರಿ 32ರಲ್ಲಿ 1. ಹತ್ತನೆಯ ತಲೆಮಾರಿನ ಅನೇಕರಿಂದ ಏನೂ ಬಂದಿರದೆ ಇರಬಹುದು. ಈ ಪರೀಕ್ಷೆಯು ಸಾವಿರಾರು ವರ್ಷಗಳ ವಲಸೆಯನ್ನು ಸೂಚಿಸಬಲ್ಲದು, ದೂರದ ದಾಯಾದಿಯನ್ನು ತೋರಿಸಬಲ್ಲದು. ಆದರೆ ಅದು ಯಾರ ಹೆಸರನ್ನೂ ಹೇಳಲಾರದು.

ಇಲ್ಲಿ ಎಚ್ಚರಿಕೆಯ ಮಾತೊಂದು ಅವಶ್ಯಕ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ನಂಜನಗೂಡಿನ ಶ್ರೋತ್ರಿಯರಿಗೆ, ತಾವು ನಂಬಿದ್ದ ವಂಶದ ರಕ್ತ ತಮ್ಮದಲ್ಲವೆಂಬುದು ಹಳೆಯ ಕಾಗದಗಳಿಂದ ತಿಳಿಯುತ್ತದೆ. ಅದು ಕಾದಂಬರಿ. ಆದರೆ ಅಂಥ ಸತ್ಯವನ್ನು ಇಂದು ಒಂದು ತೊಟ್ಟು ಎಂಜಲು ಹೊರಗೆಡಹಬಹುದು. ಪರೀಕ್ಷೆ ಮಾಡಿಸಿಕೊಳ್ಳುವವನು ತನ್ನೊಬ್ಬನ ಗುಟ್ಟನ್ನಲ್ಲ, ಮನೆಯವರೆಲ್ಲರ ಗುಟ್ಟನ್ನು ತೆರೆಯುತ್ತಾನೆ.

ಮೆಟ್ಟಿಲುಗಳ ಜೋಡಣೆ

ಖಗೋಳ ವಿಜ್ಞಾನದಿಂದ ಒಂದು ಹೋಲಿಕೆಯನ್ನು ತೆಗೆದುಕೊಳ್ಳೋಣ. ಹತ್ತಿರದ ನಕ್ಷತ್ರಗಳ ದೂರವನ್ನು, ಭೂಮಿಯು ತನ್ನ ಕಕ್ಷೆಯಲ್ಲಿ ಚಲಿಸಿದಂತೆ ಅವು ಎಷ್ಟು ಪಕ್ಕಕ್ಕೆ ಸರಿದಂತೆ ತೋರುತ್ತವೆಂಬುದರಿಂದ ಅಳೆಯುತ್ತಾರೆ. ಬಹುದೂರದವಕ್ಕೆ ಈ ಕ್ರಮ ಸಾಲದು. ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳನ್ನು ಆಶ್ರಯಿಸಬೇಕು. ಆದರೆ ಎರಡನೆಯ ಅಳತೆಗೋಲನ್ನು ನಂಬಲು, ಎರಡು ಕ್ರಮಗಳೂ ಅನ್ವಯಿಸುವ ಕೆಲವು ನಕ್ಷತ್ರಗಳಾದರೂ ಇರಬೇಕು. ಒಂದರ ಕೊನೆಯು ಇನ್ನೊಂದರ ಆರಂಭದ ಮೇಲೆ ಕೂರದಿದ್ದರೆ ಏಣಿ ಮುರಿಯುತ್ತದೆ.

ವಂಶದ ಏಣಿಯೂ ಹೀಗೆಯೇ. 1860ರಿಂದ 1911ರವರೆಗೆ ಸುಮಾರು 1,52,000 ಭಾರತೀಯರು ಕರಾರಿನ ಕೂಲಿಗಳಾಗಿ ದಕ್ಷಿಣ ಆಫ್ರಿಕದ ನೇಟಾಲಿಗೆ ಹೋದರು. ಅವರ ಹಡಗಿನ ಪಟ್ಟಿಗಳಲ್ಲಿ ತಂದೆಯ ಹೆಸರು, ಹಳ್ಳಿ, ಜಿಲ್ಲೆಗಳ ವಿವರವಿದೆ. ಅವರ ಮರಿಮಕ್ಕಳಲ್ಲಿ ಅನೇಕರಿಗೆ ಕಾಗದವಿದೆ, ನೆನಪಿಲ್ಲ. ನಮ್ಮ ಸ್ಥಿತಿ ಇದಕ್ಕೆ ವಿರುದ್ಧವಾದುದು: ಊರಿನ ಮನೆಗಳಲ್ಲಿ ನೆನಪು ಇನ್ನೂ ಇದೆ, ಅದನ್ನು ಕಾಗದಕ್ಕೆ ಕೂಡಿಸಿಲ್ಲ. ಹಳೆಯ ಖಾತೆಯಲ್ಲಿರುವ ‘ನಂಜಯ್ಯ’ ಯಾರೆಂದು ಹೇಳಬಲ್ಲ ಅಜ್ಜಿಯೇ ನಮ್ಮ ಸೆಫೀಡ್ ನಕ್ಷತ್ರ. ಆಕೆಯೊಡನೆ ಆ ಮೆಟ್ಟಿಲೂ ಹೋಗುತ್ತದೆ. ಖಾತೆಯಲ್ಲಿ ಬರಿಯ ಹೆಸರು ಉಳಿಯುತ್ತದೆ.

ಆದುದರಿಂದ ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಕೆಲಸವಿದು. ಹೆಸರಿನ ಒಂದೊಂದು ಅಕ್ಷರವನ್ನೂ ಪೂರ್ಣವಾಗಿ ಬರೆದುಕೊಳ್ಳಿರಿ. ಊರಾದರೆ ತಾಲ್ಲೂಕನ್ನೂ ಸೇರಿಸಿರಿ. ಅಜ್ಜಿಯರ ಹೆಸರನ್ನೂ ತವರೂರನ್ನೂ ಕೇಳಿರಿ. ಮನೆದೇವರು ಯಾವುದೆಂದು ಕೇಳಿರಿ. ವಲಸೆ ಹೋದ ಕುಟುಂಬವು ಊರನ್ನು ಮರೆತರೂ ಮನೆದೇವರನ್ನು ಸುಲಭವಾಗಿ ಬಿಡುವುದಿಲ್ಲ. ಆದರೆ ನಂಜುಂಡನೆಂಬ ಹೆಸರಿನಿಂದಲೇ ಮೂಲ ನಂಜನಗೂಡೆಂದು ತೀರ್ಮಾನಿಸಬೇಡಿರಿ. ಅದು ಭಕ್ತಿಯ ಗುರುತು, ಎಲ್ಲಿಯವರೂ ಇಡಬಹುದಾದ ಹೆಸರು. ಯಾವ ಮಾತನ್ನು ಯಾರು, ಎಂದು ಹೇಳಿದರೆಂಬುದನ್ನು ಪಕ್ಕದಲ್ಲಿ ಗುರುತಿಸಿರಿ. ತಿಳಿಯದ ಸ್ಥಾನವನ್ನು ಊಹೆಯಿಂದ ತುಂಬದೆ ಖಾಲಿ ಬಿಡಿರಿ. ಮುಂದೆ ಹುಡುಕುವವರಿಗೆ ಆ ಖಾಲಿ ಜಾಗವೂ ಒಂದು ಮಾಹಿತಿಯೇ.