ಮಗುವಿನ ಖರ್ಚು ಬಾಕಿ ಇಟ್ಟರೆ ಅಮೆರಿಕ ಪೌರತ್ವಕ್ಕೆ ತೊಡಕು

ಮುಂಬಯಿ, ಪುಣೆಯ ನಮ್ಮ ಕನ್ನಡ ಸಂಘಗಳ ಹಿರಿಯ ಸದಸ್ಯರಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವವರು ಅನೇಕರು. ಮಗನಿಗೆ ಗ್ರೀನ್ ಕಾರ್ಡ್ ಸಿಕ್ಕಿದ ಸುದ್ದಿಯನ್ನು ಸಂಘದ ಕಾರ್ಯಕ್ರಮದಲ್ಲಿ ನಾಲ್ಕು ಜನರಿಗೆ ಹೇಳುತ್ತೇವೆ. ಅವನ ಸಂಸಾರ ಮುರಿದ ಸುದ್ದಿಯನ್ನು ಮಾತ್ರ ಮನೆಯೊಳಗೇ ಇಟ್ಟುಕೊಳ್ಳುತ್ತೇವೆ. ಆದರೆ ಅಲ್ಲಿನ ವಲಸೆ ಇಲಾಖೆ ಈ ಎರಡನ್ನೂ ಒಂದೇ ಫೈಲಿನಲ್ಲಿ ನೋಡುತ್ತದೆ.

ವಿಚ್ಛೇದನದ ಬಳಿಕ ಮಗುವನ್ನು ಸಾಕುತ್ತಿರುವವರಿಗೆ ಇನ್ನೊಬ್ಬರು ತಿಂಗಳು ತಿಂಗಳು ಕೊಡಬೇಕಾದ ಹಣವೇ ಚೈಲ್ಡ್ ಸಪೋರ್ಟ್. ನೌಕರಿಯಲ್ಲಿದ್ದರೆ ಸಾಮಾನ್ಯವಾಗಿ ಕಂಪೆನಿಯೇ ಸಂಬಳದಿಂದ ಹಿಡಿದು ಕಳುಹಿಸುತ್ತದೆ. ಬಾಕಿ ಬೆಳೆಯುವುದು ನೌಕರಿ ಹೋದಾಗ, ಸ್ವಂತ ವ್ಯವಹಾರ ಆರಂಭಿಸಿದಾಗ, ಇಲ್ಲವೇ ಬರೇ ಹಟದಿಂದ. ‘ಅವಳಿಗೇ ಒಳ್ಳೆಯ ಸಂಬಳವಿದೆ, ನೀನೇಕೆ ಕೊಡಬೇಕು?’ ಎಂದು ಇಲ್ಲಿಂದ ಫೋನಿನಲ್ಲಿ ಬುದ್ಧಿ ಹೇಳುವ ಹಿರಿಯರೂ ಇದ್ದಾರೆ. ಆ ಹಣ ಸೊಸೆಗಲ್ಲ, ತಮ್ಮ ಮೊಮ್ಮಗುವಿಗೆ ಎಂಬುದನ್ನು ಅವರು ಮರೆಯುತ್ತಾರೆ.

ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಗ್ರೀನ್ ಕಾರ್ಡ್ ರದ್ದಾಗುವುದಿಲ್ಲ, ಗಡೀಪಾರೂ ಆಗದು. ತೊಡಕು ಬರುವುದು ಪೌರತ್ವದ ಅರ್ಜಿಯಲ್ಲಿ. ಎನ್-400 ಎಂಬ ಆ ಅರ್ಜಿಯಲ್ಲಿ ಅವಲಂಬಿತರನ್ನು ಪೋಷಿಸಲು ಎಂದಾದರೂ ತಪ್ಪಿದ್ದೀರಾ ಎಂಬ ನೇರ ಪ್ರಶ್ನೆಯಿದೆ. ಅರ್ಜಿಗೆ ಹಿಂದಿನ 5 ವರ್ಷ, ಅಮೆರಿಕ ಪ್ರಜೆಯ ಪತಿ ಅಥವಾ ಪತ್ನಿಯಾಗಿ ಅರ್ಜಿ ಹಾಕಿದವರಿಗೆ 3 ವರ್ಷ, ಸನ್ನಡತೆ ಇತ್ತೆಂದು ತೋರಿಸಬೇಕು. ಬೇಕೆಂದೇ ಮಕ್ಕಳ ಖರ್ಚು ಕೊಡದಿರುವುದು ಸನ್ನಡತೆಗೆ ವಿರುದ್ಧ ಎಂದು ನಿಯಮವೇ ಹೇಳುತ್ತದೆ. ಸುಳ್ಳು ಉತ್ತರ ಕೊಟ್ಟರೆ ಅದು ಇನ್ನೊಂದು, ಹೆಚ್ಚು ಕೆಟ್ಟ ತಪ್ಪು.

‘ಬೇಕೆಂದೇ’ ಎಂಬ ಶಬ್ದ ಇಲ್ಲಿ ಮುಖ್ಯ. ನೌಕರಿ ಹೋಗಿತ್ತು, ಕೈಲಾದಷ್ಟು ಕೊಡುತ್ತಲೇ ಇದ್ದೆ ಎಂದು ದಾಖಲೆ ಸಮೇತ ತೋರಿಸಿದರೆ ಅಧಿಕಾರಿ ಅದನ್ನು ಪರಿಗಣಿಸಬೇಕು. 2025ರ ಆಗಸ್ಟ್‌ನಲ್ಲಿ ವಲಸೆ ಇಲಾಖೆ ಸನ್ನಡತೆಯ ಪರಿಶೀಲನೆಯನ್ನು ಬಿಗಿಗೊಳಿಸಿತಾದರೂ ಬಾಕಿ ಸರಿಪಡಿಸಿಕೊಂಡವರ ಪರವಾಗಿ ಅದನ್ನು ಗಣಿಸಲು ಅದೇ ಸೂಚನೆಯಲ್ಲಿ ಅವಕಾಶವಿದೆ.

ನೌಕರಿ ಹೋದವರು ಹೆಚ್ಚಾಗಿ ಎಡವುದು ಬೇರೆ ಕಡೆ. ಹೊಸ ಕೆಲಸ ಸಿಕ್ಕಿದ ಮೇಲೆ ನೋಡೋಣ ಎಂದು ಸುಮ್ಮನಿರುತ್ತಾರೆ. ಆದರೆ 1986ರ ಕಾನೂನಿನಂತೆ ಒಮ್ಮೆ ಬಾಕಿಯಾದ ಕಂತನ್ನು ನ್ಯಾಯಾಧೀಶರೂ ಹಿಂದಿನಿಂದ ಮನ್ನಾ ಮಾಡುವಂತಿಲ್ಲ. ಮೊತ್ತ ಕಡಿಮೆ ಮಾಡಿ ಎಂದು ಅರ್ಜಿ ಹಾಕಿ ಎದುರು ಪಕ್ಷಕ್ಕೆ ನೋಟಿಸು ಮುಟ್ಟಿದ ದಿನದಿಂದೀಚಿನದು ಮಾತ್ರ ಬದಲಾಗಬಹುದು. ಹಾಗಾಗಿ ನೌಕರಿ ಹೋದ ವಾರವೇ ಕೋರ್ಟಿಗೆ ಹೋಗುವುದು ಲೇಸು.

ಮಗು ಬೇರೆ ರಾಜ್ಯದಲ್ಲಿದ್ದು, ಬೇಕೆಂದೇ ಉಳಿಸಿದ ಬಾಕಿ 10,000 ಡಾಲರ್ ಮೀರಿದರೆ ಅಥವಾ 2 ವರ್ಷ ದಾಟಿದರೆ ಕೇಂದ್ರ ಕಾನೂನಿನಡಿ 2 ವರ್ಷದವರೆಗೆ ಜೈಲು. ಅಂತಹ ಶಿಕ್ಷೆಯಾದರೆ ಗ್ರೀನ್ ಕಾರ್ಡಿನವರೂ ವೀಸಾದವರೂ ವಲಸೆ ವಕೀಲರನ್ನು ಕಾಣಲೇಬೇಕು. ಪೌರತ್ವ ಸಿಕ್ಕವರಿಗೂ ಬಿಡುಗಡೆಯಿಲ್ಲ. ಬಾಕಿ 2,500 ಡಾಲರ್ ದಾಟಿದರೆ ಅಮೆರಿಕ ಸರಕಾರ ಹೊಸ ಪಾಸ್‌ಪೋರ್ಟ್ ಕೊಡುವುದಿಲ್ಲ. ಊರಿನಲ್ಲಿ ತಂದೆಯ ಉತ್ತರಕ್ರಿಯೆ ಇದ್ದರೂ ಬರಲಾಗದ ಸ್ಥಿತಿ.

ಇನ್ನು ಮಗುವಿನೊಂದಿಗೆ ತವರಿಗೆ ಮರಳಿ, ಬಾಂದ್ರಾದ ಕುಟುಂಬ ನ್ಯಾಯಾಲಯದಿಂದ ಜೀವನಾಂಶದ ಆದೇಶ ಪಡೆದ ನಮ್ಮ ಹೆಣ್ಣುಮಕ್ಕಳ ವಿಚಾರ. ಮಕ್ಕಳ ಪೋಷಣೆ ಕುರಿತ 2007ರ ಹೇಗ್ ಒಪ್ಪಂದ ಅಮೆರಿಕದಲ್ಲಿ 2017ರ ಜನವರಿ 1ರಿಂದ ಜಾರಿಯಲ್ಲಿದೆಯಾದರೂ ಭಾರತ ಅದರಲ್ಲಿ ಸೇರಿಲ್ಲ. ಆದ್ದರಿಂದ ಇಲ್ಲಿನ ಆದೇಶ ಅಲ್ಲಿ ತಾನಾಗಿ ನಡೆಯದು, ಅಲ್ಲಿನ ರಾಜ್ಯದ ಕೋರ್ಟಿನಲ್ಲಿ ವಕೀಲರ ಮೂಲಕ ಮನ್ನಣೆ ಕೇಳಬೇಕು. ಆದರೆ ಅಲ್ಲಿ ಕುಳಿತ ತಂದೆ ಇದನ್ನೇ ನಂಬಿಕೊಂಡು ನಿಶ್ಚಿಂತೆಯಿಂದ ಇರುವಂತಿಲ್ಲ. ಯಾವ ಕೋರ್ಟಿನ ಆದೇಶವೂ ಇಲ್ಲದಿದ್ದರೂ ಅಪ್ರಾಪ್ತ ಮಕ್ಕಳನ್ನು ಸಾಕುವ ಹೊಣೆ ಇದ್ದೇ ಇದೆ ಎಂಬುದು ಪೌರತ್ವದ ಅರ್ಜಿ ನೋಡುವ ಅಧಿಕಾರಿಗಳಿಗಿರುವ ಮಾರ್ಗಸೂಚಿ. ಮುಂಬಯಿಗೆ ಹಣ ಕಳುಹಿಸುತ್ತಿರುವವರು ಅದನ್ನು ಬ್ಯಾಂಕಿನ ಮೂಲಕವೇ ಕಳುಹಿಸಿ, ರಸೀದಿಗಳನ್ನು ಸಂದರ್ಶನದ ದಿನದವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.